ವೃದ್ಧರ ಫಿಸಿಯೋಥೆರಪಿಯಲ್ಲಿ ಸ್ನಾತಕೋತ್ತರ ತರಬೇತಿ: ಉತ್ತರ ಕನ್ನಡದ ಪದವೀಧರರಿಗೆ ಸಮಗ್ರ ಮಾರ್ಗದರ್ಶಿ

ಕಾರವಾರ, ಕುಮಟಾ, ಶಿರಸಿ ಕಡೆಯ ಬಿಪಿಟಿ (ಫಿಸಿಯೋಥೆರಪಿ ಪದವಿ) ಪದವೀಧರರು ವೃದ್ಧರ ಚಿಕಿತ್ಸೆಯಲ್ಲಿ ಹೆಚ್ಚಿನ ತರಬೇತಿಗೆ ಹೊರಟಾಗ ಎಡವುವುದು ಬಹುಮಟ್ಟಿಗೆ ಒಂದೇ ಜಾಗದಲ್ಲಿ. ಮೊದಲು ಕಾಲೇಜು ಹುಡುಕುತ್ತಾರೆ, ಆಮೇಲೆ ಸಿಕ್ಕ ವಿಭಾಗಕ್ಕೆ ಸೇರುತ್ತಾರೆ, ಪ್ರಬಂಧದ ಸಿನಾಪ್ಸಿಸ್ (ರೂಪುರೇಷೆ) ಕೊಡುವ ಹೊತ್ತು ಬಂದಾಗ ಮಾತ್ರ, ತಾವು ಹಿರಿಯರ ಯಾವ ತೊಂದರೆಯನ್ನು ಕಲಿಯಲು ಬಂದೆವು ಎಂದು ಯೋಚಿಸತೊಡಗುತ್ತಾರೆ. ಕೆಳಗಿನ ಹಂತಗಳು ಈ ಕ್ರಮವನ್ನು ತಿರುಗಿಸಿ ಹಾಕುತ್ತವೆ: ಮೊದಲು ಊರಿನ ಹಿರಿಯರು, ಆಮೇಲೆ ಅಳತೆ, ಅದಾದ ಮೇಲೆ ವಿಭಾಗ, ಕೊನೆಗೆ ಕಾಲೇಜು. ಇಡೀ ಸಿದ್ಧತೆಗೆ ಸುಮಾರು ಒಂದು ವರ್ಷ ಬೇಕು. ಇಂಟರ್ನ್‌ಶಿಪ್ ಮುಗಿದ ತಿಂಗಳಲ್ಲೇ ಅರ್ಜಿ ಹಾಕಬೇಕೆಂಬ ಆತುರವಿದ್ದವರು ಕನಿಷ್ಠ 2ನೇ ಮತ್ತು 3ನೇ ಹಂತಗಳನ್ನಾದರೂ ಬಿಡಬಾರದು.

## ಹಂತ 1: ನೋಂದಣಿ ಮತ್ತು ಕಾಗದಪತ್ರ

ಪದವಿ ಪ್ರಮಾಣಪತ್ರ, ಎಲ್ಲ ವರ್ಷಗಳ ಅಂಕಪಟ್ಟಿ, ಇಂಟರ್ನ್‌ಶಿಪ್ ಪೂರೈಸಿದ ಪತ್ರ, ವರ್ಗಾವಣೆ ಪತ್ರ, ಬೇಕಿದ್ದರೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಇವಿಷ್ಟನ್ನು ಒಂದೇ ಕಡತದಲ್ಲಿ ಜೋಡಿಸಿಟ್ಟುಕೊಳ್ಳಬೇಕು. ಹೆಸರಿನ ಕಾಗುಣಿತವು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇರುವುದು ನಮ್ಮ ಕಡೆ ತೀರಾ ಸಾಮಾನ್ಯ. ಮನೆತನದ ಹೆಸರು ಹೆಗಡೆಯೋ ಹೆಗ್ಡೆಯೋ ಎಂಬ ಒಂದಕ್ಷರದ ತಕರಾರು ದಾಖಲೆ ಪರಿಶೀಲನೆಯ ದಿನ ದೊಡ್ಡದಾಗಿಬಿಡುತ್ತದೆ, ಆದ್ದರಿಂದ ಅದನ್ನು ಮೊದಲೇ ಸರಿಪಡಿಸಿಕೊಳ್ಳುವುದು ಜಾಣತನ.

ಇಲ್ಲಿ ಮತ್ತೆ ಮತ್ತೆ ಆಗುವ ತಪ್ಪು ಬೇರೆಯದು. ವೃತ್ತಿ ಸಂಘದ ಸದಸ್ಯತ್ವವನ್ನೇ ಕಾನೂನುಬದ್ಧ ನೋಂದಣಿ ಎಂದು ಹಲವರು ತಿಳಿದಿದ್ದಾರೆ. ಇಂಡಿಯನ್ ಅಸೋಸಿಯೇಶನ್ ಆಫ್ ಫಿಸಿಯೋಥೆರಪಿಸ್ಟ್ಸ್ ಎಂಬುದು ವೃತ್ತಿನಿರತರ ಸಂಘ. 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯು ರಾಷ್ಟ್ರೀಯ ಆಯೋಗವನ್ನೂ ರಾಜ್ಯ ಮಂಡಳಿಗಳನ್ನೂ ಬೇರೆಯಾಗಿಯೇ ಹೇಳುತ್ತದೆ, ಮತ್ತು ಫಿಸಿಯೋಥೆರಪಿ ಆ ಕಾಯ್ದೆಯ ಪಟ್ಟಿಯಲ್ಲಿದೆ. ಸಂಘದ ಕಾರ್ಡ್ ಇದೆ ಎಂದು ಮಂಡಳಿಯ ನೋಂದಣಿಯನ್ನು ಮುಂದೂಡಬಾರದು.

## ಹಂತ 2: ಆರು ತಿಂಗಳ ದಿನಚರಿ ಪುಸ್ತಕ

ಈ ಹಂತವನ್ನು ಬಿಟ್ಟವರೇ ಹೆಚ್ಚು, ಹಾಗೆ ಬಿಟ್ಟವರೇ ಮುಂದೆ ಹೆಚ್ಚು ಪರದಾಡುವವರೂ ಹೌದು. ಬೇಕಾಗಿರುವುದು ಒಂದು ಉದ್ದ ನೋಟುಪುಸ್ತಕ ಮಾತ್ರ. ಆರು ತಿಂಗಳಲ್ಲಿ ತಾವು ಕಂಡ 60 ದಾಟಿದ ಪ್ರತಿಯೊಬ್ಬ ವ್ಯಕ್ತಿಗೆ ಅದರಲ್ಲಿ ಒಂದು ಪುಟ ಮೀಸಲಿಡಬೇಕು. ಹೆಸರು ಬರೆಯುವುದು ಬೇಡ, ಕ್ರಮಸಂಖ್ಯೆ ಸಾಕು. ವಯಸ್ಸು, ಜೊತೆಗಿರುವವರು ಯಾರು, ನುಂಗುವ ಮಾತ್ರೆಗಳೆಷ್ಟು, ಕಳೆದ ಒಂದು ವರ್ಷದಲ್ಲಿ ಬಿದ್ದದ್ದುಂಟೇ, ದಿನದಲ್ಲಿ ಎಷ್ಟು ಸಲ ನೆಲದಿಂದ ಏಳಬೇಕಾಗುತ್ತದೆ, ಬಚ್ಚಲು ಮತ್ತು ಪಾಯಿಖಾನೆ ಮನೆಯೊಳಗಿದೆಯೋ ಹೊರಗಿದೆಯೋ, ಇಷ್ಟಕ್ಕೆ ಉತ್ತರ ಇರಲೇಬೇಕು.

ಬಿದ್ದದ್ದುಂಟೇ ಎಂಬ ಪ್ರಶ್ನೆಯನ್ನು ಹಾಗೆಯೇ ಕೇಳಿದರೆ ಉತ್ತರ ಸಿಗುವುದಿಲ್ಲ. ಶಿರಸಿ ಸೀಮೆಯ ಒಂದು ಮನೆಯಲ್ಲಿ ಎಪ್ಪತ್ತೆಂಟರ ಅಜ್ಜಿಯೊಬ್ಬರನ್ನು ನೋಡಲು ಹೋದಾಗ, ಬಿದ್ದಿಲ್ಲ ಎಂದು ಅವರು ಮೂರು ಸಲ ಹೇಳಿದರು. ಮಾತು ಅಡಿಕೆಯ ದರಕ್ಕೆ ಹೊರಳಿ, ಚಾ ಬಂದು, ಲೋಟ ಖಾಲಿಯಾದ ಮೇಲೆ ಸೊಸೆ ಒಳಗಿನಿಂದಲೇ ಹೇಳಿದರು: "ಬಚ್ಚಲಲ್ಲಿ ಎರಡು ಸಲ ಕಾಲು ಜಾರಿ ಕೂತಿದ್ರಲ್ಲ." ಅಜ್ಜಿ ಕೂಡಲೇ ತಿದ್ದಿದರು: "ಅದು ಬಿದ್ದದ್ದಲ್ಲ, ಕೂತದ್ದು." ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ ಅದು ಬಿದ್ದದ್ದೇ, ಏಕೆಂದರೆ ಮನುಷ್ಯ ತಾನು ಬಯಸದೆ ನೆಲಕ್ಕೋ ಕೆಳಗಿನ ಮಟ್ಟಕ್ಕೋ ಬಂದುಬಿಟ್ಟರೆ ಅದನ್ನು ಬೀಳುವಿಕೆ ಎಂದೇ ಎಣಿಸಬೇಕು. ಆದ್ದರಿಂದ ಕಾಲು ಜಾರಿದ್ದು, ಮುಗ್ಗರಿಸಿದ್ದು, ಗೋಡೆ ಹಿಡಿದುಕೊಂಡದ್ದು, ಕುಸಿದು ಕೂತದ್ದು, ಈ ನಾಲ್ಕನ್ನೂ ಬೇರೆ ಬೇರೆಯಾಗಿ ಕೇಳಿ, ಮನೆಯವರನ್ನೂ ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳಬೇಕು. ಕಾರವಾರದ ಕಡೆ ಕೊಂಕಣಿಯಲ್ಲಿ, ಭಟ್ಕಳದಲ್ಲಿ ನವಾಯತಿಯಲ್ಲಿ, ಅಂಕೋಲಾದ ಹಾಲಕ್ಕಿ ಕೊಪ್ಪಗಳಲ್ಲಿ ಅವರದೇ ಕನ್ನಡದಲ್ಲಿ ಈ ನಾಲ್ಕು ಮಾತುಗಳಿಗೆ ಏನು ಹೇಳುತ್ತಾರೆ ಎಂದು ಪುಸ್ತಕದ ಕೊನೆಯ ಪುಟದಲ್ಲಿ ಒಂದು ಪಟ್ಟಿ ಮಾಡಿಟ್ಟುಕೊಂಡರೆ, ಅದು ಮುಂದೆ ಪ್ರಬಂಧದ ಹೊತ್ತಿಗೆ ನೇರವಾಗಿ ಕೆಲಸಕ್ಕೆ ಬರುತ್ತದೆ.

ನಲವತ್ತು ಪುಟ ತುಂಬಿದಾಗ ಒಮ್ಮೆ ಕುಳಿತು ಮೊದಲಿನಿಂದ ಓದಬೇಕು. ಯಾವ ತೊಂದರೆ ಪುನಃ ಪುನಃ ಬಂದಿದೆ, ಯಾವುದರ ಎದುರು ತಮಗೆ ಏನು ಮಾಡಬೇಕೆಂದು ತೋಚಲಿಲ್ಲ, ಎರಡನ್ನೂ ಗುರುತು ಹಾಕಬೇಕು. ಆ ಎರಡನೆಯ ಪಟ್ಟಿಯೇ ತರಬೇತಿಯ ಕಾರಣ.

## ಹಂತ 3: ಅಳತೆಯಲ್ಲಿ ಕೈ ಕುದುರಿಸಿಕೊಳ್ಳುವುದು

ಸ್ನಾತಕೋತ್ತರ ತರಗತಿಗೆ ಸೇರಿದ ಮೇಲೆ ಕಲಿತರಾಯಿತು ಎಂದು ಅಳತೆಗಳನ್ನು ಮುಂದೂಡುವವರಿಗೆ ಅಲ್ಲಿ ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಕೈಯಿರುವ ಒಂದು ಕುರ್ಚಿ, ಕೈಯಿಲ್ಲದ 43 ಸೆಂಟಿಮೀಟರ್ ಎತ್ತರದ ಇನ್ನೊಂದು ಕುರ್ಚಿ, ಅಳತೆಯ ಟೇಪು, ಬಣ್ಣದ ಅಂಟುಪಟ್ಟಿ, ಸ್ಟಾಪ್‌ವಾಚ್, ರಕ್ತದೊತ್ತಡ ನೋಡುವ ಯಂತ್ರ, ಸೊಂಟಕ್ಕೆ ಕಟ್ಟಿ ಹಿಡಿದುಕೊಳ್ಳುವ ಪಟ್ಟಿ, ಸಾಧ್ಯವಿದ್ದರೆ ಕೈಹಿಡಿತ ಅಳೆಯುವ ಡೈನಮೋಮೀಟರ್.

ಮೊದಲನೆಯದು ರಕ್ತದೊತ್ತಡ. ಮಲಗಿದಾಗ ನೋಡಿ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೆ ನೋಡಬೇಕು. ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ, ಅಂದು ನಡಿಗೆಯ ಪರೀಕ್ಷೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಇದನ್ನು ಬಿಟ್ಟು ನೇರವಾಗಿ ಸಮತೋಲನದ ವ್ಯಾಯಾಮಕ್ಕೆ ಹೋಗುವುದು ದೊಡ್ಡ ತಪ್ಪು, ಏಕೆಂದರೆ ಮಾತ್ರೆಯ ದೆಸೆಯಿಂದ ಬರುವ ತಲೆಸುತ್ತನ್ನು ಯಾವ ವ್ಯಾಯಾಮವೂ ಸರಿಪಡಿಸದು. ಪರೀಕ್ಷೆಯ ನಡುವೆ ಎದೆನೋವು, ಮುಖದಲ್ಲಿ ತಣ್ಣನೆಯ ಬೆವರು, ಮಾತು ತೊದಲುವುದು, ಒಂದು ಕಾಲು ಹಠಾತ್ತನೆ ಎಳೆಯುವುದು ಕಂಡರೆ ಅಳತೆಯ ಆಸೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಎರಡನೆಯದು ಟೈಮ್ಡ್ ಅಪ್ ಅಂಡ್ ಗೋ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಹೊತ್ತನ್ನು ಎಣಿಸುವುದು. ಹಿರಿಯರು ಬೀಳದಂತೆ ತಡೆಯಲು ಅಮೆರಿಕದಲ್ಲಿರುವ ಸ್ಟೆಡಿ ಕಾರ್ಯಕ್ರಮದಲ್ಲಿ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ತಗುಲಿದರೆ ಬೀಳುವ ಅಪಾಯವಿದೆ ಎಂದು ಎಣಿಸುತ್ತಾರೆ. ನಿತ್ಯದ ವೇಗದಲ್ಲಿ, ನಿತ್ಯದ ಚಪ್ಪಲಿಯಲ್ಲಿ ನಡೆಸಬೇಕು. "ಬೇಗ ಬೇಗ" ಎಂದು ಹುರಿದುಂಬಿಸಿದರೆ ಆ ಅಂಕಿಗೆ ಬೆಲೆಯಿಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ಸೆಗಣಿ ಸಾರಿಸಿದ ಅಂಗಳದಲ್ಲಿಟ್ಟು ಅಳೆದವರುಂಟು. ಕುರ್ಚಿಯ ಕಾಲು ಮಣ್ಣಿಗಿಳಿದಷ್ಟು ಆಸನ ತಗ್ಗುತ್ತದೆ, ಅಳತೆಯೂ ಕೆಡುತ್ತದೆ.

ಮೂರನೆಯದು ಕೂತು ಏಳುವ ಪರೀಕ್ಷೆ. 30 ಸೆಕೆಂಡಿನಲ್ಲಿ ಎಷ್ಟು ಸಲ ಎಂಬುದು ಒಂದು ಬಗೆ, ಐದು ಸಲಕ್ಕೆ ಎಷ್ಟು ಹೊತ್ತು ಎಂಬುದು ಇನ್ನೊಂದು. ಎರಡನ್ನೂ ಒಂದೇ ಪುಟದಲ್ಲಿ ಬೆರೆಸಿ ಬರೆಯುವುದು ಹೊಸಬರ ಖಾಯಂ ಎಡವಟ್ಟು. ಸ್ನಾಯು ಕ್ಷೀಣತೆಯ ಬಗ್ಗೆ ಏಷ್ಯನ್ ತಜ್ಞರ ಗುಂಪು 2019ರಲ್ಲಿ ಹೇಳಿದ ಮಿತಿಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು: ಕೈಹಿಡಿತ ಗಂಡಸರಲ್ಲಿ 28 ಕಿಲೋಗಿಂತ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆ, ನಡಿಗೆಯ ವೇಗ ಸೆಕೆಂಡಿಗೆ 1 ಮೀಟರ್‌ಗಿಂತ ಕಡಿಮೆ, ಐದು ಸಲ ಕೂತು ಏಳಲು 12 ಸೆಕೆಂಡ್ ಅಥವಾ ಹೆಚ್ಚು. ಪರದೇಶದ ಪುಸ್ತಕಗಳ ಮಿತಿ ಇದಕ್ಕಿಂತ ಬೇರೆಯಿರುವುದರಿಂದ, ಯಾವ ಮಿತಿ ಬಳಸಿದೆ ಎಂದು ಪ್ರತಿ ಪುಟದಲ್ಲೂ ನಮೂದಿಸಬೇಕು.

ಈ ಪರೀಕ್ಷೆಗಳಿಗೆ ಒಂದು ಕೊರತೆಯಿದೆ, ಅದು ನಮ್ಮ ಜಿಲ್ಲೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಇವೆಲ್ಲ ಕುರ್ಚಿಯಿಂದ ಆರಂಭವಾಗುತ್ತವೆ. 14 ಅಂಶಗಳ, 56 ಅಂಕಗಳ, ಸಮತೋಲನ ಅಳೆಯುವ ಬರ್ಗ್ ಮಾಪಕದಲ್ಲೂ ನೆಲದಲ್ಲಿ ಕೂತು ಏಳುವ ಅಂಶವಿಲ್ಲ. ಮೇಲೆ ಹೇಳಿದ ಅಜ್ಜಿ ಟೈಮ್ಡ್ ಅಪ್ ಅಂಡ್ ಗೋ ಪರೀಕ್ಷೆಯನ್ನು 11 ಸೆಕೆಂಡಿನಲ್ಲಿ ಮುಗಿಸಿದರು. ಕಾಗದದ ಮೇಲೆ ಅವರಿಗೆ ಯಾವ ತೊಂದರೆಯೂ ಇಲ್ಲ. ಆದರೆ ಚಾಲಿ (ಒಣಗಿಸಿದ ಅಡಿಕೆ) ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂತವರು ಏಳುವಾಗ ಮೊದಲು ಬಲಕ್ಕೆ ವಾಲಿ, ಅಂಗೈ ಊರಿ, ಮೊಣಕಾಲಿಗೆ ಬಂದು, ಕಂಬ ಹಿಡಿದು, ಕಂಬಕ್ಕೇ ಹಣೆಯಿಟ್ಟು ಸ್ವಲ್ಪ ಹೊತ್ತು ನಿಂತರು. ಅಡಿಕೆಯ ರಾಶಿ ಮುಗಿಯುವವರೆಗೆ ದಿನಕ್ಕೆ ಏಳೆಂಟು ಸಲ ಇದೇ ಕ್ರಮ. ಆದ್ದರಿಂದ ನೆಲದಲ್ಲಿ ಕೂತು ಏಳುವ ಪರೀಕ್ಷೆಯನ್ನೂ ಕಲಿತಿರಬೇಕು: ಕೂರಲು 5, ಏಳಲು 5, ಒಟ್ಟು 10 ಅಂಕ, ಕೈ, ಮೊಣಕಾಲು, ಯಾವುದನ್ನು ಊರಿದರೂ ಪ್ರತಿ ಸಲಕ್ಕೆ 1 ಅಂಕ ಕಳೆಯಬೇಕು, ತೂರಾಡಿದರೆ ಅರ್ಧ. ಸೊಂಟದ ಕೀಲು ಬದಲಿಸಿಕೊಂಡವರಿಗೂ, ಮೊಣಕಾಲು ತೀರಾ ಹದಗೆಟ್ಟವರಿಗೂ ಇದನ್ನು ಮಾಡಿಸಬಾರದು.

ಇಬ್ಬರು ಸೇರಿ ಒಬ್ಬರನ್ನೇ ಪ್ರತ್ಯೇಕವಾಗಿ ಅಳೆದು ಅಂಕಿ ಹೋಲಿಸಿ ನೋಡಬೇಕು. ಸತತ ಹತ್ತು ಜನರಲ್ಲಿ ಇಬ್ಬರ ಅಂಕಿ ಹತ್ತಿರ ಹತ್ತಿರ ಬರುವವರೆಗೆ ಮುಂದಿನ ಹಂತಕ್ಕೆ ಹೋಗುವ ಅವಸರ ಬೇಡ.

## ಹಂತ 4: ವಿಭಾಗವನ್ನು ಆರಿಸುವುದು

ಎಂಪಿಟಿ, ಅಂದರೆ ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ, ಎರಡು ವರ್ಷಗಳ ಪೂರ್ಣಾವಧಿಯದು. ವೃದ್ಧರ ಚಿಕಿತ್ಸೆ ಎಂಬ ಹೆಸರಿನ ವಿಭಾಗ ಎಲ್ಲ ಕಡೆ ಇರುವುದಿಲ್ಲ. ಎಷ್ಟೋ ಕಡೆ ಅದು ಸಮುದಾಯ ಪುನರ್ವಸತಿಯ ಒಳಗೆ, ಕೆಲವು ಕಡೆ ನರರೋಗ ಅಥವಾ ಮೂಳೆ-ಸ್ನಾಯು ವಿಭಾಗದ ಒಂದು ಅಧ್ಯಾಯವಾಗಿ ಅಡಗಿರುತ್ತದೆ. ಹೆಸರು ಕಾಣಲಿಲ್ಲವೆಂದು ಕೈಬಿಡುವುದೂ ತಪ್ಪು, ಹೆಸರು ಕಂಡಿತೆಂದು ಹಾರಿ ಬೀಳುವುದೂ ತಪ್ಪು.

ಈಗ ದಿನಚರಿಯ ಎರಡನೆಯ ಪಟ್ಟಿಯನ್ನು ತೆರೆಯಬೇಕು. ಅಲ್ಲಿ ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವು ಹೆಚ್ಚಿದ್ದರೆ ನರರೋಗ ವಿಭಾಗ. ಮೊಣಕಾಲು ಸವೆತ, ಸೊಂಟದ ಮುರಿತ, ಬೆನ್ನು ಬಾಗಿದ್ದು ಹೆಚ್ಚಿದ್ದರೆ ಮೂಳೆ-ಸ್ನಾಯು. ದಮ್ಮು ಮತ್ತು ಹೃದಯದವರು ಹೆಚ್ಚಿದ್ದರೆ ಹೃದಯ-ಶ್ವಾಸಕೋಶ. ಬೀಳುವುದು, ಮನೆಯ ರಚನೆ, ಹಾಸಿಗೆ ಹಿಡಿದವರ ಆರೈಕೆ ಮುಂದಿದ್ದರೆ ಸಮುದಾಯ. ನನ್ನ ಅಭಿಪ್ರಾಯದಲ್ಲಿ ಜಿಲ್ಲೆಗೇ ಮರಳಿ ಕೆಲಸ ಮಾಡುವವರಿಗೆ ಕೊನೆಯದೇ ಹೆಚ್ಚು ಉಪಯುಕ್ತ, ಆದರೆ ಖಾಸಗಿ ಆಸ್ಪತ್ರೆಯ ಕೆಲಸ ಬಯಸುವವರಿಗೆ ನಾನು ಹಾಗೆ ಹೇಳಲಾರೆ.

## ಹಂತ 5: ಕಾಲೇಜನ್ನು ಕಣ್ಣಾರೆ ನೋಡುವುದು

ನಮ್ಮ ಜಿಲ್ಲೆಯಿಂದ ಹೋಗಿ ಬರಲು ಸಾಧ್ಯವಿರುವ ದಿಕ್ಕುಗಳು ಮುಖ್ಯವಾಗಿ ಎರಡು. ಕರಾವಳಿಯವರಿಗೆ ಕೊಂಕಣ ರೈಲು ಹಿಡಿದರೆ ಉಡುಪಿಯಲ್ಲಿಳಿದು ಮಣಿಪಾಲ, ಇನ್ನೂ ಮುಂದೆ ಮಂಗಳೂರು. ಘಟ್ಟದ ಮೇಲಿನವರಿಗೆ ಶಿರಸಿಯಿಂದ ಸುಮಾರು 100 ಕಿಲೋಮೀಟರ್ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಧಾರವಾಡ, ಬೆಳಗಾವಿ. ಮಣಿಪಾಲ, ಮಂಗಳೂರು, ಧಾರವಾಡ, ಬೆಳಗಾವಿ, ಈ ನಾಲ್ಕೂ ಊರುಗಳಲ್ಲಿ ಎಂಪಿಟಿ ಕಾಲೇಜುಗಳಿವೆ. ಅರ್ಜಿಗೆ ಮೊದಲು ಒಂದು ದಿನ ಹೋಗಿ, ಪ್ರಾಂಶುಪಾಲರ ಕೋಣೆಗಲ್ಲ, ಎರಡನೇ ವರ್ಷದ ವಿದ್ಯಾರ್ಥಿಗಳ ಬಳಿಗೆ ಹೋಗಬೇಕು.

ಕೇಳಬೇಕಾದ ಪ್ರಶ್ನೆಗಳು ಇಷ್ಟೇ. ವಾರದಲ್ಲಿ 60 ದಾಟಿದ ಎಷ್ಟು ರೋಗಿಗಳು ನಿಮ್ಮ ಕೈಗೆ ಬರುತ್ತಾರೆ? ವೃದ್ಧಾಶ್ರಮಕ್ಕೋ ಮನೆಗೋ ಹೋಗುವ ಪಾಳಿ ಇದೆಯೇ, ಅಥವಾ ಶಿಬಿರದ ದಿನ ಫೋಟೋಕ್ಕೆ ನಿಲ್ಲುವುದಷ್ಟೇ ಇದೆಯೇ? ಜೆರಿಯಾಟ್ರಿಕ್ಸ್ (ವೃದ್ಧರ ಚಿಕಿತ್ಸೆಯ) ವೈದ್ಯರ ಜೊತೆ ರೋಗಿಗಳನ್ನು ನೋಡುವ ಅವಕಾಶ ಉಂಟೇ? ಮಾರ್ಗದರ್ಶಕರು ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳು? ಉತ್ತರ ತಡವರಿಸಿದರೆ ಅದೂ ಒಂದು ಉತ್ತರವೇ.

ದೂರವಿರಬೇಕಾದ ಸೂಚನೆಗಳು. ಮನೆಯಲ್ಲೇ ಕುಳಿತು, ದೂರಶಿಕ್ಷಣದಲ್ಲಿ ಎಂಪಿಟಿ ಮುಗಿಸಿ ಎಂಬ ಜಾಹೀರಾತು ಕಂಡರೆ ಅಲ್ಲೇ ಬಿಡಬೇಕು. ಫಿಸಿಯೋಥೆರಪಿಯನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಯಾಗಿ ನೀಡಲು ಯುಜಿಸಿ ಅವಕಾಶ ಕೊಟ್ಟಿಲ್ಲ. ಇಗ್ನೋ ನೀಡುವ ಜೆರಿಯಾಟ್ರಿಕ್ ಮೆಡಿಸಿನ್ ಸ್ನಾತಕೋತ್ತರ ಡಿಪ್ಲೊಮಾ ಎಂಬಿಬಿಎಸ್ ಆದವರಿಗೆ ಮೀಸಲು, ಫಿಸಿಯೋಥೆರಪಿಸ್ಟರು ಅದಕ್ಕೆ ಹಾಕುವ ಅರ್ಜಿ ವ್ಯರ್ಥ. ಶನಿವಾರ-ಭಾನುವಾರದ ಪ್ರಮಾಣಪತ್ರ ಕೋರ್ಸುಗಳು ಒಂದು ಕೌಶಲ ಕಲಿಯಲು ಸಾಕು, ಆದರೆ ಅವನ್ನು ತಜ್ಞತೆಯೆಂದು ಫಲಕದ ಮೇಲೆ ಬರೆಸಬಾರದು. ಅಂಥ ಆರು ಪ್ರಮಾಣಪತ್ರಗಳ ಶುಲ್ಕ ಕೂಡಿಸಿ ನೋಡಿದವರು ಆಮೇಲೆ ಮುಖ ಸಣ್ಣ ಮಾಡಿಕೊಂಡದ್ದನ್ನು ಕಂಡಿದ್ದೇನೆ.

## ಹಂತ 6: ಪ್ರವೇಶ

ಇದು ಚಿಕ್ಕ ಹಂತ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನ ಕಾಲೇಜುಗಳಿಗೆ ಆ ವಿಶ್ವವಿದ್ಯಾಲಯದ ಮತ್ತು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅಧಿಸೂಚನೆಗಳನ್ನು ನೋಡಬೇಕು. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳದು ಬೇರೆ ಪ್ರಕ್ರಿಯೆ, ಬೇರೆ ಕೊನೆಯ ದಿನಾಂಕ. ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತಿಸಬೇಕು. ಮಧ್ಯವರ್ತಿಗೆ ಹಣ ಕೊಟ್ಟು ಸೀಟು ಹಿಡಿಸುವ ಮಾತು ಬಂದರೆ ಅಲ್ಲಿಗೇ ಮುಗಿಸಬೇಕು. ಮಳೆಗಾಲದಲ್ಲಿ ದಾಖಲೆ ಪರಿಶೀಲನೆ ಬಿದ್ದರೆ ಹಿಂದಿನ ದಿನವೇ ಹೊರಡುವುದು ಕ್ಷೇಮ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು ಕರಾವಳಿಯವರಿಗೆ ನೆನಪಿಸಬೇಕಾಗಿಲ್ಲ.

## ಹಂತ 7: ಪ್ರಬಂಧ, ಮತ್ತು ಮಳೆಗಾಲದ ಲೆಕ್ಕ

ಇಲ್ಲಿ ನನ್ನದೇ ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. ಹನ್ನೆರಡು ವಾರಗಳ ಸಮತೋಲನ ವ್ಯಾಯಾಮದ ಅಧ್ಯಯನವನ್ನು ನಾನು ಏಪ್ರಿಲ್ ಕೊನೆಯಲ್ಲಿ ಆರಂಭಿಸಿದೆ. ಜೂನ್ ಎರಡನೇ ವಾರ ಹಳ್ಳ ತುಂಬಿ, ಸಂಕ (ಕಾಲುಸೇತುವೆ) ದಾಟಿ ಬರಬೇಕಾದವರು ಬರುವುದು ನಿಂತಿತು, ನಾನೂ ಅವರ ಮನೆ ಮುಟ್ಟಲಿಲ್ಲ. ಕೊನೆಯ ಅಳತೆಗೆ ಸಿಕ್ಕವರು ಅರ್ಧಕ್ಕಿಂತ ಕಡಿಮೆ. ಅಂಕಿ-ಅಂಶದ ಯಾವ ವಿಧಾನವೂ ಆ ಖಾಲಿ ಕಲಂಗಳನ್ನು ತುಂಬಿಸಲಿಲ್ಲ.

ಆದ್ದರಿಂದ ಕೆಲಸವನ್ನು ಈ ಕ್ರಮದಲ್ಲಿ ಮಾಡಬೇಕು. ಮೊದಲು ವಿಷಯ, ದಿನಚರಿಯಿಂದಲೇ. ಎರಡನೆಯದಾಗಿ ಊರಿನ ಪಂಚಾಂಗ: ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆಯವರಿಗೆ ಹಿರಿಯರನ್ನು ಕರೆತರಲು ಪುರುಸೊತ್ತಿಲ್ಲ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ಯಾರೂ ಸಿಗುವುದಿಲ್ಲ. ಕರಾವಳಿಯ ಮೀನುಗಾರ ಕೇರಿಗಳಲ್ಲಿ ಲೆಕ್ಕ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಮಕ್ಕಳು ಮನೆಯಲ್ಲಿರುತ್ತಾರೆ, ಕೇರಿಯೊಳಗೇ ಒಂದು ಜಾಗ ಸಿಕ್ಕರೆ ಅಧ್ಯಯನಕ್ಕೆ ಅದೇ ಸುಗ್ಗಿ. ಮೂರನೆಯದಾಗಿ ನೈತಿಕ ಸಮಿತಿಯ ಒಪ್ಪಿಗೆ. ನಾಲ್ಕನೆಯದಾಗಿ, ಚಿಕಿತ್ಸಾ ಪ್ರಯೋಗವಾಗಿದ್ದರೆ ಸಿಟಿಆರ್‌ಐ (ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿ. 2018ರ ಏಪ್ರಿಲ್‌ನಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲೇ ಇದು ಆಗಿರಬೇಕು. "ಆಮೇಲೆ ಮಾಡಿಸೋಣ" ಎಂದು ಐದು ಜನರನ್ನು ಅಳೆದಿಟ್ಟವರ ನೋಂದಣಿ ಆಗುವುದಿಲ್ಲ. ಅವೆರಡೂ ಕೈಗೆ ಬಂದ ಮೇಲಷ್ಟೇ ಮೊದಲ ಅಳತೆ.

ಒಪ್ಪಿಗೆ ಪತ್ರದ ಕನ್ನಡ ಇನ್ನೊಂದು ತೊಡಕು. "ಅಧ್ಯಯನದಲ್ಲಿ ಸ್ವಯಂಪ್ರೇರಿತವಾಗಿ ಭಾಗವಹಿಸುವಿಕೆಗೆ ಸಮ್ಮತಿ" ಎಂದು ಬರೆದರೆ ಓದಿದವರಿಗೂ ಅರ್ಥವಾಗದು. "ಬರುವುದು, ಬಿಡುವುದು ನಿಮ್ಮಿಷ್ಟ. ಬಿಟ್ಟರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ" ಎಂದು ಬರೆದರೆ ಸಾಕು. ಓದಲು ಬಾರದವರಿಗೆ ಅಧ್ಯಯನಕ್ಕೆ ಸಂಬಂಧಿಸದ ಸಾಕ್ಷಿಯೊಬ್ಬರ ಮುಂದೆ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿಯ ಸಹಿ ಪಡೆಯಬೇಕು. ಬೀಳುವ ಭಯದ 16 ಪ್ರಶ್ನೆಗಳ ಮಾಪಕದಂಥವನ್ನು ತಾವೇ ರಾತ್ರಿ ಕುಳಿತು ಕನ್ನಡಕ್ಕೆ ತಿರುಗಿಸಿ ಬಳಸಬಾರದು. ಒಬ್ಬರು ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರು ಇಂಗ್ಲಿಷಿಗೆ ಮರಳಿಸಿ, ಎರಡನ್ನೂ ಹೋಲಿಸಿ, ಕೆಲವು ಹಿರಿಯರ ಮುಂದೆ ಓದಿ ನೋಡಿದ ಮೇಲೆಯೇ ಅದು ಕೆಲಸಕ್ಕೆ ಬರುತ್ತದೆ.

## ಹಂತ 8: ಪದವಿಯ ನಂತರ

ಅಮೆರಿಕದ ಜೆರಿಯಾಟ್ರಿಕ್ ಕ್ಲಿನಿಕಲ್ ಸ್ಪೆಷಲಿಸ್ಟ್ ಮಾನ್ಯತೆಯ ಬಗ್ಗೆ ಹಲವರು ವಿಚಾರಿಸುತ್ತಾರೆ. ಅದಕ್ಕೆ ಅಲ್ಲಿನ ಪರವಾನಗಿ ಇರಲೇಬೇಕು. ಅದರ ಜೊತೆಗೆ ಮಾನ್ಯತೆ ಪಡೆದ ರೆಸಿಡೆನ್ಸಿಯನ್ನಾದರೂ (ಪದವಿಯ ನಂತರದ ಪ್ರಾಯೋಗಿಕ ತರಬೇತಿ) ಮುಗಿಸಿರಬೇಕು, ಇಲ್ಲವೇ ಹಿಂದಿನ ಹತ್ತು ವರ್ಷಗಳಲ್ಲಿ ಹಿರಿಯರಿಗೆ ನೇರ ಚಿಕಿತ್ಸೆ ಕೊಟ್ಟ 2000 ಗಂಟೆಗಳ ಲೆಕ್ಕ ತೋರಿಸಬೇಕು, ಅದರಲ್ಲಿ 500 ಗಂಟೆ ಕೊನೆಯ ಮೂರು ವರ್ಷಗಳದ್ದಾಗಿರಬೇಕು. ಇಲ್ಲಿಂದಲೇ ಕುಳಿತು ಆ ಪರೀಕ್ಷೆ ಬರೆಯಲಾಗದು. ಆದರೆ ಆ ಗಂಟೆಗಳ ಲೆಕ್ಕ ಊರಿನಲ್ಲಿರುವವರಿಗೂ ಒಳ್ಳೆಯ ಅಳತೆಗೋಲು: ದಿನಕ್ಕೆ ನಾಲ್ಕು ಗಂಟೆಯಂತೆ ವರ್ಷಕ್ಕೆ 250 ದಿನ ಹಿರಿಯರ ಜೊತೆ ಕೆಲಸ ಮಾಡಿದರೆ ಎರಡು ವರ್ಷದಲ್ಲಿ 2000 ಆಗುತ್ತದೆ. ಗಂಟೆ ಬರೆದಿಡುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ, ಹಿಂದಿನದನ್ನು ನೆನಪಿನಿಂದ ತುಂಬಿಸಿದ ಪುಸ್ತಕ ನೋಡಿದ ಕೂಡಲೇ ಗೊತ್ತಾಗುತ್ತದೆ.

ಜಿಲ್ಲೆಯಲ್ಲೇ ನಿಲ್ಲುವವರು ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ರಚನೆಯನ್ನು ಓದಿಕೊಂಡಿರಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ ಹತ್ತು ಹಾಸಿಗೆಯ ವಾರ್ಡ್, ಅಲ್ಲಿ ಫಿಸಿಯೋಥೆರಪಿ, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ದಿನ, ಪ್ರಾಥಮಿಕ ಕೇಂದ್ರದಲ್ಲಿ ವಾರಕ್ಕೊಂದು ದಿನ ಹಿರಿಯರ ಕ್ಲಿನಿಕ್ ಎಂದು ಅದರಲ್ಲಿದೆ. ಕೆಲಸಕ್ಕೆ ಅರ್ಜಿ ಹಾಕುವಾಗ ಪ್ರಬಂಧದ ದಪ್ಪ ಪ್ರತಿಯನ್ನು ಲಗತ್ತಿಸುವುದರ ಬದಲು, ಒಂದೇ ಹಾಳೆಯಲ್ಲಿ ಈ ಕ್ಲಿನಿಕ್ ದಿನ ಬರುವ ಪ್ರತಿಯೊಬ್ಬರಿಗೆ ಹತ್ತು ನಿಮಿಷದಲ್ಲಿ ಯಾವ ನಾಲ್ಕು ಅಳತೆ ಮಾಡುತ್ತೀರಿ, ಯಾವ ಅಂಕಿ ಕಂಡರೆ ಯಾರ ಬಳಿ ಕಳಿಸುತ್ತೀರಿ ಎಂದು ಬರೆದುಕೊಡಬೇಕು. ಆ ಹಾಳೆಯ ಮೊದಲ ಸಾಲು, ಮಲಗಿ ಮತ್ತು ನಿಂತು ನೋಡಿದ ರಕ್ತದೊತ್ತಡ.